ಬೇಸ್‌ಬಾಲ್ ಗ್ಲೌಸ್: ತೀರ್ಥಹಳ್ಳಿಯ ಒಂದು ಮಳೆಗಾಲ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಗ್ಲೌಸ್ ತಗೊಂಡು ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಒಂದು ಸಲ ಬೂಷ್ಟು ಹಿಡಿಯಿತು, ಎರಡು ಕಡೆ ಲೇಸ್ ಕಿತ್ತಿತು, ಒಂದು ರಾತ್ರಿ ನಮ್ಮನೆ ಬೆಕ್ಕು ಅದರೊಳಗೇ ಮಲಗಿತ್ತು. ಆದರೂ ಐದಕ್ಕೆ ಮೂರೂವರೆ ಕೊಡುತ್ತೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಎರಡು ಎರಡೂವರೆ ಸಾವಿರಕ್ಕೆ ಆನ್‌ಲೈನಿನಲ್ಲಿ ಸಿಗುವ ಗ್ಲೌಸುಗಳೆಲ್ಲ ಹೆಚ್ಚುಕಮ್ಮಿ ಅಣ್ಣತಮ್ಮಂದಿರೇ. ಒಂದರ ಕಥೆ ಕೇಳಿದರೆ ಉಳಿದವುಗಳ ಹಣೆಬರಹವೂ ಗೊತ್ತಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪೀಟಿ ಟೀಚರ್ ಆಗಿದ್ದವಳು. ಥ್ರೋಬಾಲ್, ಕೊಕ್ಕೊ, ಗುಂಡು ಎಸೆತ ಎಲ್ಲ ಆಡಿಸಿದ್ದೇನೆ. ಬೇಸ್‌ಬಾಲ್ ಮಾತ್ರ ಗಂಟುಬಿದ್ದದ್ದು 2013ರಲ್ಲಿ, ಗಳಿಕೆ ರಜೆ ಹಾಕಿ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋದಾಗ. ಅಳಿಯ ನ್ಯೂಯಾರ್ಕ್ ಯಾಂಕೀಸ್ ತಂಡದ ಹುಚ್ಚ. ರಾತ್ರಿ ಮಗು ನನ್ನ ತೊಡೆ ಮೇಲೆ, ಟಿವಿ ಅಳಿಯನ ಕೈಯಲ್ಲಿ. ಮೈದಾನದ ಆಚೆ ತುದಿಯಲ್ಲಿ ಬೇಲಿ ಹಾಕಿ ಒಂದಷ್ಟು ಆಟಗಾರರನ್ನು ಬೇರೆ ಕೂರಿಸಿದ್ದು ನೋಡಿ, "ಇವರೇನು ತಪ್ಪು ಮಾಡಿದ್ದಾರೆ?" ಅಂತ ಕೇಳಿದ್ದೆ. ಅದು ಬುಲ್‌ಪೆನ್ ಅಂತೆ. ಗೂಳಿ ಕೊಟ್ಟಿಗೆ! ಬಾಲ್ ಎಸೆಯುವವನು ಪಿಚರ್; ಶುರುವಿಂದ ಎಸೆದವನ ಬದಲಿಗೆ ಆಟದ ನಡುವೆ ಬರುವವನು ರಿಲೀಫ್ ಪಿಚರ್. ಆ ರಿಲೀಫ್ ಪಿಚರುಗಳು ಅಲ್ಲೇ ಇರುವುದು. ಒಂದು ಫೋನ್ ಇರುತ್ತದೆ. ಅದು ಹೊಡೆದುಕೊಂಡರೆ ಎದ್ದು ಕೈ ಬಿಸಿ ಮಾಡಿಕೊಳ್ಳಬೇಕು. ಬಿಸಿ ಮಾಡಿಕೊಂಡ ಮೇಲೂ ಕರೆಯುತ್ತಾರೆ ಅಂತ ಗ್ಯಾರಂಟಿ ಇಲ್ಲ. ಸುಮ್ನೆ ಮತ್ತೆ ಕೂತರೂ ಕೂತದ್ದೇ.

ಆ ಸೆಪ್ಟೆಂಬರ್ 26ರ ರಾತ್ರಿ ಮರೆಯುವ ಹಾಗಿಲ್ಲ. ಮಗುವಿಗೆ ಮೂರು ವಾರ. ಮರಿಯಾನೊ ರಿವೆರಾ ಅನ್ನುವ ರಿಲೀಫ್ ಪಿಚರ್ ತನ್ನ ಸ್ಟೇಡಿಯಮ್ಮಿನಲ್ಲಿ ಕೊನೆಯ ಸಲ ಎಸೆಯಲು ಬಂದ. 43 ವರ್ಷದ ತೆಳ್ಳಗಿನ ಮನುಷ್ಯ, ಬೆನ್ನ ಮೇಲೆ 42. ನಾಲ್ಕು ಜನಕ್ಕೆ ಎಸೆದು ನಾಲ್ವರನ್ನೂ ಔಟ್ ಮಾಡಿದ. ಇನ್ನೊಂದು ಔಟ್ ಬಾಕಿ ಇರುವಾಗ ಅವನನ್ನು ಹೊರಗೆ ಕರೆಯಲು ಮ್ಯಾನೇಜರ್ ಬರಲಿಲ್ಲ. ತಂಡದಲ್ಲಿ ಅವನ ಜೊತೆಗೇ ಬೆಳೆದ ಇಬ್ಬರು ಆಟಗಾರ ಗೆಳೆಯರು, ಜೀಟರ್ ಮತ್ತು ಪೆಟಿಟ್, ನಡೆದುಕೊಂಡು ಬಂದರು. ಅವನು ಪೆಟಿಟ್‌ನ ಹೆಗಲಿಗೆ ಮುಖ ಒತ್ತಿ ಅತ್ತ. ಅಳಿಯ ಅತ್ತ. ಮಗು ಹೇಗೂ ಅಳುತ್ತಿತ್ತು. ಆಟದ ಒಂದು ನಿಯಮವೂ ಗೊತ್ತಿಲ್ಲದ ನಾನೂ ಕಣ್ಣೊರೆಸಿಕೊಂಡೆ. ತಮಾಷೆ ಅಂದರೆ ಆ ಆಟವನ್ನು ಯಾಂಕೀಸ್ 4–0ಯಲ್ಲಿ ಸೋತಿತ್ತು. ಮುನ್ನಡೆ ಕಾಪಾಡುವುದೇ ಅವನ ಕೆಲಸ, ಅವತ್ತು ಕಾಪಾಡುವುದಕ್ಕೆ ಏನೂ ಇರಲಿಲ್ಲ.

ಅವತ್ತು ತೊಡೆ ಮೇಲಿದ್ದ ಮಗುವಿಗೆ, ನಮ್ಮ ಪುಟ್ಟನಿಗೆ, ಈಗ ಹನ್ನೆರಡು. ಈ ಗ್ಲೌಸ್ ಅವನಿಗಾಗಿ ತರಿಸಿದ್ದು.

ಜೂನಿನಲ್ಲಿ ಮಗಳು ಫೋನ್ ಮಾಡಿದಳು. "ಅಮ್ಮ, ಇವನು ಗ್ಲೌಸ್ ಇಲ್ಲೇ ಬಿಟ್ಟು ಬರ್ತಾನಂತೆ. ಕೋಚ್ ಇವನನ್ನ ಶುರುವಿಂದ ಆಡಿಸೋದು ಬಿಟ್ಟು ರಿಲೀಫಿಗೆ ಹಾಕಿದ್ದಾರೆ. ಇನ್ನು ಆಡೋದೇ ಇಲ್ಲ ಅಂತಾನೆ." ಆಗಲಿ ಅಂದೆ. ಫೋನ್ ಇಟ್ಟವಳೇ ಆನ್‌ಲೈನಿನಲ್ಲಿ ಹುಡುಕಿದೆ. ಹನ್ನೊಂದೂವರೆ ಇಂಚಿನದು, ಬಾಲ್ ಸಮೇತ 2,400 ರೂಪಾಯಿ.

ಮೊದಲನೇ ಪಾಠ ಇಲ್ಲೇ. ನಮ್ಮ ಪುಟ್ಟ ಎಸೆಯುವುದು ಬಲಗೈಯಲ್ಲಿ. ಬಲಗೈಯವನು ಗ್ಲೌಸ್ ಹಾಕುವುದು ಎಡಗೈಗೆ. ಆಯ್ಕೆ ಮಾಡುವ ಕಡೆ 'ಎಡ', 'ಬಲ' ಅಂತ ಎರಡೇ ಪದ. ಎಡಗೈಗೆ ಹಾಕುವುದು ತಾನೆ ಅಂತ 'ಎಡ' ಒತ್ತಿದೆ. ಬಂದದ್ದು ಎಡಗೈಯಲ್ಲಿ ಎಸೆಯುವವರ ಗ್ಲೌಸ್. ಅಲ್ಲಿ ಬರೆದದ್ದು ಹಾಕುವ ಕೈಯಲ್ಲ, ಎಸೆಯುವ ಕೈ. ಮೂವತ್ತು ವರ್ಷ ಮಕ್ಕಳಿಗೆ 'ಎಡಕ್ಕೆ ತಿರುಗು, ಬಲಕ್ಕೆ ತಿರುಗು' ಹೇಳಿಕೊಟ್ಟವಳ ಗತಿ ನೋಡಿ. ನಮ್ಮನೆಯವರಿಗೆ ನಗಲು ಎರಡು ದಿನಕ್ಕಾಗುವಷ್ಟು ಸಿಕ್ಕಿತು. ಕೊರಿಯರಿನವರು ಆಗುಂಬೆ ರಸ್ತೆಯಿಂದ ಒಳಗೆ ನಮ್ಮನೆ ತನಕ ಬರುವುದಿಲ್ಲ, ಬಸ್‌ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ವಾಪಸ್ ಕಳಿಸುವುದಕ್ಕೂ ಮಳೆಯಲ್ಲಿ ಅಲ್ಲಿಗೇ ಹೊರಬೇಕು. ಬದಲಿ ಬರಲು ಒಂಬತ್ತು ದಿನ ಹಿಡಿಯಿತು. ದುಡ್ಡೇನೂ ಕಿತ್ತುಕೊಳ್ಳಲಿಲ್ಲ, ಅಷ್ಟು ಒಳ್ಳೆಯದು.

ಈಗ ಮಾಲಿನ ವಿಷಯ. 'ಪೂರ್ತಿ ಚರ್ಮ' ಅಂತ ಬರೆದಿತ್ತು. ಅಂಗೈ ಭಾಗ ಚರ್ಮ ಹೌದು. ಹಿಂಭಾಗ ರೆಕ್ಸಿನ್, ಹಳೇ ಸ್ಕೂಟರ್ ಸೀಟಿನ ಥರ. ಒಳಗಿನ ಬಟ್ಟೆ ಮೆತ್ತಗಿದೆ, ಬೆವರು ಹೀರುತ್ತದೆ. ಹೊಲಿಗೆ ನೇರವಾಗಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಲೆಯ ಹಾಗೆ ಒಂದು ಭಾಗ ಇರುತ್ತದಲ್ಲ, ಅದು ಇದರಲ್ಲಿ ಸಂದು ಸಂದಾಗಿದೆ. ನಿಂತು ಕ್ಯಾಚ್ ಹಿಡಿಯುವವರಿಗೆ ತೊಂದರೆಯಿಲ್ಲ, ಪಿಚರ್‌ಗೆ ಮಾತ್ರ ಆಗದು. ಪಿಚರ್ ಗ್ಲೌಸಿನೊಳಗೆ ಕೈ ಹಾಕಿ ಬಾಲನ್ನು ಹೇಗೆ ಹಿಡಿಯುತ್ತಾನೆ ಅನ್ನುವುದು ಬ್ಯಾಟ್ ಹಿಡಿದವನಿಗೆ ಕಾಣಬಾರದು. ಇಲ್ಲಿ ಆ ಕಡೆಯಿಂದ ಬೆರಳು ಎಣಿಸಬಹುದು. ಪಿಚಿಂಗಿಗೆ ಅಂತಲೇ ತಗೊಳ್ಳುವವರು ಮುಚ್ಚಿದ ಬಲೆ ಇರುವುದನ್ನು ನೋಡಿ. ನನ್ನ ಅರ್ಧ ಅಂಕ ಹೋದದ್ದು ಇದಕ್ಕೇ.

ಹೊಸ ಗ್ಲೌಸ್ ಹಲಗೆಯಷ್ಟು ಗಟ್ಟಿ. ಅದನ್ನು ಪಳಗಿಸಬೇಕು. ಮಧ್ಯದಲ್ಲಿ ಬಾಲ್ ಇಟ್ಟು, ಮಡಚಿ, ಹಗ್ಗ ಸುತ್ತಿ, ಹಾಸಿಗೆ ಅಡಿ ಇಡುವುದು ಒಂದು ದಾರಿ. ನಾನು ಬಾಳೆನಾರು ಸುತ್ತಿ ಇಟ್ಟೆ. ಹಗಲು ಒನಕೆ ತುದಿಯಲ್ಲಿ ಮೆಲ್ಲಗೆ ಗುದ್ದಿದೆ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೇಗ ಮೆತ್ತಗಾಗಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿದೆ. ತಲೆಗೆ ಹಚ್ಚಿದ ಹಾಗೆ, ಧಾರಾಳವಾಗಿ. ಮೆತ್ತಗೇನೋ ಆಯಿತು. ಜೊತೆಗೆ ಕಪ್ಪಾಯಿತು, ತೂಕ ಬಂತು. ಮುಂದಿನ ಕಥೆ ಆಮೇಲೆ ಹೇಳುತ್ತೇನೆ.

ಪುಟ್ಟ ಬಂದ. ಗ್ಲೌಸ್ ನೋಡಿ ಮುಖ ಸಿಂಡರಿಸಿದ. "ಅಮ್ಮಮ್ಮ, ಇದು ಚೀಪ್ ಇದೆ." ರಿವೆರಾ ಮೊದಲು ಆಡಿದ್ದು ಯಾವ ಗ್ಲೌಸಿನಲ್ಲಿ ಗೊತ್ತಾ ಅಂತ ಕೇಳಿದೆ. ಪನಾಮಾ ದೇಶದ ಪೋರ್ಟೊ ಕೈಮಿಟೊ ಅನ್ನುವ ಮೀನುಗಾರರ ಊರಿನವನು ಅವನು. ಅಪ್ಪ ದೋಣಿಯಲ್ಲಿ ದುಡಿಯುತ್ತಿದ್ದ. ಮಕ್ಕಳು ಹಾಲಿನ ರಟ್ಟಿನ ಡಬ್ಬಿಯನ್ನೇ ಗ್ಲೌಸ್ ಮಾಡಿಕೊಂಡು, ಮರದ ಕೊಂಬೆ ಬ್ಯಾಟ್ ಮಾಡಿಕೊಂಡು, ಹರಿದ ಬಲೆ ಸುತ್ತಿ ಟೇಪ್ ಹಚ್ಚಿ ಬಾಲ್ ಮಾಡಿಕೊಂಡು ಆಡುತ್ತಿದ್ದರು. ನಿಜವಾದ ಚರ್ಮದ ಗ್ಲೌಸನ್ನು ಅವನಪ್ಪ ತಂದುಕೊಟ್ಟದ್ದು ಅವನಿಗೆ ಹನ್ನೆರಡು ವರ್ಷ ಆದಾಗ. ಪುಟ್ಟ ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಗ್ಲೌಸ್ ಅವನ ಕೈಯಲ್ಲಿತ್ತು.

ಜೊತೆಗೆ ಬಂದ ಬಾಲಿಗೆ ಮಾತ್ರ ನಾನು ಐದಕ್ಕೆ ಒಂದೂ ಕೊಡುವುದಿಲ್ಲ. ಪ್ಲಾಸ್ಟಿಕ್ಕಿನಂಥ ಮೇಲ್ಪದರ, ಹೊಲಿಗೆ ಎದ್ದೇ ಇಲ್ಲ. ಬೆರಳಿಗೆ ಹೊಲಿಗೆ ಸಿಗದಿದ್ದರೆ ಪಿಚರ್ ಏನು ಮಾಡಬೇಕು? 650 ಕೊಟ್ಟು ಬೇರೆ ಚರ್ಮದ ಬಾಲ್ ತರಿಸಿದೆ. ಇದು ಬಾಲ್. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 145 ಗ್ರಾಂ. ಕ್ರಿಕೆಟ್ ಬಾಲಿಗಿಂತ ತೂಕ ಸ್ವಲ್ಪ ಕಮ್ಮಿ, ಗಾತ್ರ ಒಂಚೂರು ಜಾಸ್ತಿ. ಕೆಂಪು ದಾರದ ಹೊಲಿಗೆ ಎಷ್ಟಿದೆ ಅಂತ ಪುಟ್ಟ ಜಗಲಿಯಲ್ಲಿ ಕೂತು ಎಣಿಸಿದ. ಜೋಡಿ ಹೊಲಿಗೆ 108. "ನಮ್ಮ ಜಪಮಾಲೆ ಲೆಕ್ಕ!" ಅಂದರು ನಮ್ಮನೆಯವರು. ಅಮೆರಿಕದ ದೊಡ್ಡ ಲೀಗಿನ ಬಾಲುಗಳನ್ನು ಕೋಸ್ಟರಿಕಾದಲ್ಲಿ ಕೂತು ಇವತ್ತಿಗೂ ಕೈಯಲ್ಲೇ ಹೊಲಿಯುತ್ತಾರೆ. ಹೊಸ ಬಾಲಿನ ನುಣುಪು ಹೋಗಲಿ ಅಂತ ಆಟಕ್ಕೆ ಮುಂಚೆ ಒಂದು ಥರದ ಕೆಸರು ತಿಕ್ಕುತ್ತಾರೆ. ಆ ಕೆಸರು ಬರುವುದು ಪುಟ್ಟನ ಊರಿನ ಕಡೆಯಿಂದಲೇ, ನ್ಯೂಜೆರ್ಸಿಯ ಹೊಳೆದಂಡೆಯಿಂದ. ನಮ್ಮ ಗದ್ದೆ ಕೆಸರು ತಿಕ್ಕಿ ನೋಡಿದೆವು. ಬಾಲ್ ಕೆಂಪಾಯಿತು, ಅಷ್ಟೇ.

ಅಭ್ಯಾಸ ಎಲ್ಲಿ? ಜುಲೈನಲ್ಲಿ ಅಂಗಳದಲ್ಲಿ ನಿಂತರೆ ಪಾಚಿಗೆ ಜಾರಿ ಸೊಂಟ ಮುರಿಯುತ್ತದೆ. ಅಡಿಕೆ ಒಣಗಿಸುವ ಶೀಟಿನ ಮಾಡಿನ ಕೆಳಗೆ ಟೇಪ್ ಹಿಡಿದು 46 ಅಡಿ ಅಳೆದೆ. ಹನ್ನೆರಡು ವರ್ಷದವರ ಲೀಗಿನಲ್ಲಿ ಅಷ್ಟೇ ದೂರ. ದೊಡ್ಡವರಿಗೆ 60 ಅಡಿ 6 ಇಂಚು. ಗೋಡೆಗೆ ಹಳೇ ಹಾಸಿಗೆ ನಿಲ್ಲಿಸಿ ಸುಣ್ಣದಲ್ಲಿ ಚೌಕ ಬರೆದೆವು. ಮೊದಲ ದಿನ ಹತ್ತು ಎಸೆದು ನಿಲ್ಲಿಸಿದ. ಆಮೇಲೆ ಅವನ ಹೊಟ್ಟೆಯಲ್ಲಿದ್ದದ್ದು ಹೊರಬಂತು.

"ರಿಲೀಫ್ ಅಂದ್ರೆ ಮಿಕ್ಕಿದವರು, ಅಮ್ಮಮ್ಮ. ಚೆನ್ನಾಗಿ ಎಸೆಯೋರು ಶುರು ಮಾಡ್ತಾರೆ. ಉಳಿದವರು ಕೂತಿರ್ತಾರೆ."

ಸುಳ್ಳಲ್ಲ. ರಿಲೀಫ್ ಪಿಚರ್ ಆಗಬೇಕು ಅಂತ ಹೊರಟವರು ಅಪರೂಪ. ಬೇರೆ ಕೆಲಸದಲ್ಲಿ ಸಾಲದೆ ಈ ಕಡೆ ಬಂದವರೇ ಜಾಸ್ತಿ. 1995ರಲ್ಲಿ ರಿವೆರಾನನ್ನೂ ಹತ್ತು ಆಟಗಳಲ್ಲಿ ಶುರುವಿಂದಲೇ ಆಡಿಸಿದ್ದರು. ಚೆನ್ನಾಗಿ ಹೊಡೆಸಿಕೊಂಡ. ಬೇಸ್‌ಬಾಲಿನಲ್ಲಿ ಒಂದು ಆಟಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ತಂಡಕ್ಕೆ ಮೂರು ಔಟ್. ಮುಂದಿನ ವರ್ಷ ಅವನನ್ನು ಏಳು ಎಂಟನೇ ಇನಿಂಗ್ಸಿಗೆ ಅಂತ ಇಟ್ಟರು. 107 ಇನಿಂಗ್ಸಿನಲ್ಲಿ 130 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಬಾಲನ್ನು ಸರಿಯಾಗಿ ಹೊಡೆಯಲು ಬಿಡದೆಯೇ ಔಟ್ ಮಾಡಿದ. 1997ರಿಂದ ಕೊನೇ ಇನಿಂಗ್ಸ್ ಅವನದು. ಆಮೇಲೆ ದೊಡ್ಡ ರಿಲೀಫ್ ಪಿಚರುಗಳಾದವರ ಪೈಕಿ ಟ್ರೆವರ್ ಹಾಫ್‌ಮನ್ ತಂಡಕ್ಕೆ ಸೇರಿದ್ದು ಶಾರ್ಟ್‌ಸ್ಟಾಪ್ (ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್) ಆಗಿ, ಕೆನ್ಲಿ ಜಾನ್ಸೆನ್ ಕ್ಯಾಚರ್ (ಬ್ಯಾಟರನ ಹಿಂದೆ ಕೂತು ಬಾಲ್ ಹಿಡಿಯುವವನು) ಆಗಿ. ಎಕರ್ಸ್ಲಿ ಹನ್ನೆರಡು ವರ್ಷ ಶುರುವಿಂದ ಎಸೆದು, ಆಮೇಲೆ ಕೊನೇ ಇನಿಂಗ್ಸಿಗೆ ಬಂದು, 1992ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಇದೆಲ್ಲ ನಾನು ಅಳಿಯನ ಹತ್ತಿರ ಕೇಳಿ, ಓದಿ, ಹನ್ನೆರಡು ವರ್ಷದಲ್ಲಿ ಕೂಡಿಸಿಕೊಂಡದ್ದು. ಪುಟ್ಟನಿಗೆ ಒಂದೊಂದೇ ಹೇಳಿದೆ, ಒಂದೇ ದಿನ ಅಲ್ಲ.

ತಂಡ ಮೂರು ರನ್ನೋ ಅದಕ್ಕಿಂತ ಕಮ್ಮಿಯೋ ಮುಂದಿರುವಾಗ ಬಂದು, ಒಂದು ಇನಿಂಗ್ಸ್ ಎಸೆದು, ಆ ಮುನ್ನಡೆ ಬಿಟ್ಟುಕೊಡದೆ ಆಟ ಮುಗಿಸಿದರೆ ಅವನ ಲೆಕ್ಕಕ್ಕೆ ಒಂದು 'ಸೇವ್'. ಇನ್ನೂ ಒಂದೆರಡು ದಾರಿಗಳಿವೆ, ಅವು ಬೇಡ ಈಗ. ಈ ಲೆಕ್ಕ ಅಧಿಕೃತ ಆದದ್ದು 1969ರಲ್ಲಿ. ಹಾಫ್‌ಮನ್ 601 ಮಾಡಿದ. ರಿವೆರಾ 652. ಯಾರೂ ಇನ್ನೂ ದಾಟಿಲ್ಲ. 2019ರಲ್ಲಿ ಹಾಲ್ ಆಫ್ ಫೇಮ್ ಅನ್ನುವ ಶ್ರೇಷ್ಠ ಆಟಗಾರರ ಗೌರವ ಪಟ್ಟಿಗೆ ಮತ ಹಾಕಿದ 425 ಪತ್ರಕರ್ತರಲ್ಲಿ ಒಬ್ಬರೂ ಅವನ ಹೆಸರು ಬಿಡಲಿಲ್ಲ. ಅಲ್ಲಿತನಕ ಯಾರಿಗೂ ಹಾಗೆ ನೂರಕ್ಕೆ ನೂರು ಬಿದ್ದಿರಲಿಲ್ಲ. ಮಿಕ್ಕಿದವರ ಪೈಕಿಯವನಿಗೆ!

ಇದನ್ನೆಲ್ಲ ಹೇಳುತ್ತಿರುವಾಗ ಮಳೆ ಒಂದು ಗಳಿಗೆ ಬಿಟ್ಟಿತು. ತೋಟದ ಕಡೆಯಿಂದ ಕೂಗು. ನಮ್ಮ ಕೊನೆಗೌಡ ಬಂದಿದ್ದ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ: ಅಡಿಕೆ ಮರ ಹತ್ತಿ ಕೊನೆ ಇಳಿಸುವವನು ಕೊನೆಗೌಡ. ನಮ್ಮಲ್ಲಿ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಲೂ ಅವನೇ ಬರಬೇಕು. ವರ್ಷವಿಡೀ ತೋಟದಲ್ಲಿ ದುಡಿಯುವವರು ಬೇರೆ. ಇವನು ಮಳೆ ಬಿಟ್ಟ ಎರಡು ತಾಸಿಗೆ ಬರುತ್ತಾನೆ, ಒದ್ದೆ ಮರ ಹತ್ತುತ್ತಾನೆ, ಮರದಿಂದ ಮರಕ್ಕೆ ಹಾಯುತ್ತಾನೆ, ಹೋಗುತ್ತಾನೆ. ಅವತ್ತು ಅವನು ಬರದಿದ್ದರೆ ವರ್ಷದ ಫಸಲು ನೆಲದ ಪಾಲು. ಪುಟ್ಟ ಕತ್ತೆತ್ತಿ ನೋಡುತ್ತ ನಿಂತ. ಕೊನೆ ಅಂದರೆ ಗೊನೆ, ಕೊನೆ ಅಂದರೆ ಅಂತ್ಯ ಅಂತ ಅವನಮ್ಮ ಹೇಳಿಕೊಟ್ಟಿದ್ದಳೇನೋ. "ಹಂಗಾದ್ರೆ ರಿವೆರಾ ಯಾಂಕೀಸ್ ಕೊನೆಗೌಡ" ಅಂದ. ಅವತ್ತಿಂದ ನಮ್ಮನೆಯಲ್ಲಿ ರಿವೆರಾಗೆ ಅದೇ ಹೆಸರು.

ಇನ್ನೊಂದು ವಿಷಯ ಹೊರಬರಲು ವಾರ ಹಿಡಿಯಿತು. ಮೇ ತಿಂಗಳಲ್ಲಿ ಒಂದು ಆಟ ಇವನ ಕೈಯಲ್ಲಿ ಸೋತಿತ್ತಂತೆ. ಎರಡು ರನ್ ಮುಂದಿದ್ದರು, ಇವನು ಬಂದ, ಹೋಯಿತು. ಕಾರಿನಲ್ಲಿ ಯಾರೂ ಮಾತಾಡಲಿಲ್ಲವಂತೆ. ಅದಕ್ಕೆ ಗ್ಲೌಸ್ ಬಿಟ್ಟು ಬಂದದ್ದು. ರಾತ್ರಿ ಅಕ್ಕಿ ರೊಟ್ಟಿ ತಟ್ಟುತ್ತ 2001ರ ಕಥೆ ಹೇಳಿದೆ. ವರ್ಲ್ಡ್ ಸೀರೀಸ್ ಅಂದರೆ ಅಲ್ಲಿನ ಫೈನಲ್; ಅದರ ಏಳನೇ, ಕೊನೆಯ ಆಟ, ಅರಿಜೋನಾದಲ್ಲಿ. ಯಾಂಕೀಸ್ 2–1 ಮುಂದೆ. ಒಂಬತ್ತನೇ ಇನಿಂಗ್ಸ್, ಕೈಯಲ್ಲಿ ಬಾಲ್ ರಿವೆರಾದು. ಮೂರು ಔಟ್ ತೆಗೆದರೆ ಕಪ್. ಎದುರಿನವನು ಬಾಲನ್ನು ಮೆಲ್ಲಗೆ ಮುಂದೆ ಬೀಳಿಸಿದ. ರಿವೆರಾನೇ ಎತ್ತಿ, ಓಡುವವನನ್ನು ಔಟ್ ಮಾಡಲು ಎರಡನೇ ಬೇಸಿಗೆ ಎಸೆದ, ತಪ್ಪಿತು. ಆಮೇಲೆ ಒಂದು ಹೊಡೆತಕ್ಕೆ ಸಮ. ಕೊನೆಗೆ ಅರಿಜೋನಾದ ಗೊನ್ಸಾಲೆಜ್ ಬ್ಯಾಟಿಗೆ ಅರೆಬರೆ ತಾಗಿದ ಬಾಲ್ ಮುಂದೆ ನಿಂತವರ ತಲೆ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು. ಮುಗಿಯಿತು.

"ಆಮೇಲೆ?" ಅಂದ ಪುಟ್ಟ.

"ಆಮೇಲೆ ಇನ್ನೂ ಹನ್ನೆರಡು ವರ್ಷ ಅದೇ ಕೆಲಸ ಮಾಡಿದ. ರೊಟ್ಟಿ ತಣ್ಣಗಾಗತ್ತೆ, ತಿನ್ನು."

ಅವನಿಗೆ ರಿವೆರಾನ ಕಟರ್ ಕಲಿಯುವ ಆಸೆ. ನೇರ ಬರುತ್ತಿರುವ ಹಾಗೆ ಕಂಡು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುವ ಎಸೆತ ಅದು. ಎಡಗೈ ಬ್ಯಾಟರನ ಕೈಬುಡಕ್ಕೇ ನುಗ್ಗುತ್ತದೆ, ಎಷ್ಟೋ ಬ್ಯಾಟ್ ಮುರಿದಿವೆ. 1997ರಲ್ಲಿ ಜೊತೆಯ ಆಟಗಾರ ಮೆಂಡೋಸಾ ಜೊತೆ ಸುಮ್ನೆ ಕ್ಯಾಚ್ ಆಡುವಾಗ ತನ್ನಷ್ಟಕ್ಕೇ ಬಂದದ್ದು. ನೇರ ಮಾಡಲು ನೋಡಿದ, ಆಗಲಿಲ್ಲ. ಕೊನೆಗೆ ಅದನ್ನೇ ನೆಚ್ಚಿಕೊಂಡು ಬದುಕಿದ. ನಾನು ಪುಟ್ಟನಿಗೆ ಹಿಡಿತ ತೋರಿಸಿದೆ: ಹೊಲಿಗೆಗೆ ಅಡ್ಡವಾಗಿ ಎರಡು ಬೆರಳು, ನಡುವಿಗಿಂತ ಒಂಚೂರು ಹೊರಗೆ, ಒತ್ತು ಮಧ್ಯದ ಬೆರಳಿನದು. ಎಸೆಯಲು ಬಿಡಲಿಲ್ಲ. ಹನ್ನೆರಡು ವರ್ಷದ ಮೊಣಕೈ ಇನ್ನೂ ಎಳೆಸು. ಅವನ ಲೀಗಿನಲ್ಲೂ ಈ ವಯಸ್ಸಿನವರು ದಿನಕ್ಕೆ 85ಕ್ಕಿಂತ ಜಾಸ್ತಿ ಎಸೆಯುವ ಹಾಗಿಲ್ಲ. ನಮ್ಮ ಮಾಡಿನ ಕೆಳಗಿನ ಲೆಕ್ಕ 30. ಸಿಟ್ಟು ಮಾಡಿಕೊಂಡ. ಮಾಡಿಕೊಳ್ಳಲಿ.

ಗ್ಲೌಸಿಗೆ ಬರುತ್ತೇನೆ. ಮೂರನೇ ವಾರ ಐದು ದಿನ ಬಿಡದೆ ಹೊಯ್ಯಿತು. ಕರೆಂಟಿಲ್ಲ, ಆಟವಿಲ್ಲ. ಗ್ಲೌಸ್ ಕಪಾಟಿನಲ್ಲಿತ್ತು. ತೆಗೆದು ನೋಡಿದರೆ ಬಿಳಿ ಹಸಿರು ಬೂಷ್ಟು, ಹಳೇ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆದ ಹಾಗೆ. ಎಣ್ಣೆ ಹಿಡಿದ ಕಡೆಯಲ್ಲೇ ಜಾಸ್ತಿ. ಇದು ಕಂಪನಿ ತಪ್ಪಲ್ಲ, ನನ್ನದು. ಒಣ ಬಟ್ಟೆಯಲ್ಲಿ ಒರೆಸಿ, ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದೆ, ಕಾವು ದೂರದಿಂದ ತಾಗುವ ಹಾಗೆ. ಹಲಸಿನ ಹಪ್ಪಳದ ಡಬ್ಬಿ ಪಕ್ಕದಲ್ಲಿ. ಎರಡು ದಿನಕ್ಕೆ ಸರಿಹೋಯಿತು. ಹತ್ತಿರ ಕಟ್ಟಿದರೆ ಚರ್ಮ ಸಿಡಿಯುತ್ತದೆ, ಜೋಕೆ. ಈಗ ಅದಕ್ಕೆ ಖಾಯಂ ಹೊಗೆ ವಾಸನೆ. ಪುಟ್ಟನಿಗೆ ಅದೇ ಇಷ್ಟವಂತೆ.

ಆದರೆ ಲೇಸ್ ಕಿತ್ತದ್ದು ಕಂಪನಿ ತಪ್ಪೇ. ತೆಳು, ಒಣಕಲು. ಬಲೆಯ ಬುಡದಲ್ಲಿ ಒಂದು, ಕಿರುಬೆರಳ ತುದಿಯಲ್ಲಿ ಒಂದು ಪಟ್ ಅಂತ ಹೋದವು. ತೀರ್ಥಹಳ್ಳಿಯಲ್ಲಿ ಇಬ್ಬರು ಕೈಯಾಡಿಸಿದರು. ಶಿವಮೊಗ್ಗಕ್ಕೆ ಹೇಗೂ ಕೆಲಸವಿತ್ತು, ಪುಟ್ಟನನ್ನೂ ಕರೆದುಕೊಂಡು ಬಸ್ ಹತ್ತಿದೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ ಕೂತಿದ್ದವು. ಗಾಂಧಿ ಬಜಾರಿನ ಒಂದು ಅಡ್ಡ ರಸ್ತೆಯಲ್ಲಿ ಕೊಡೆ, ಬ್ಯಾಗು, ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರು ಕೂರುತ್ತಾರೆ. ಗ್ಲೌಸನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ದೊಡ್ಡ ಕೈ ಯಾರಿಗಿದೆ ಮೇಡಂ?" ಅಂದರು. ಪುಟ್ಟ ಹಾಕಿ ತೋರಿಸಿದ. ಅವರು ಹಳೇ ಬೆಲ್ಟಿನಿಂದ ಸಣ್ಣ ಪಟ್ಟಿ ಸೀಳಿದರು, ಮೇಣ ತಿಕ್ಕಿದರು, ದಬ್ಬಳದಲ್ಲಿ ಒಂದೊಂದೇ ತೂತು ದಾಟಿಸಿ ಬಿಗಿದರು. ಗಂಟು ಹಾಕುವ ಮುಂಚೆ ಪುಟ್ಟನಿಗೆ ಕೈ ಮಡಚಲು ಹೇಳಿ ಅಳತೆ ನೋಡಿದರು. ಮುಕ್ಕಾಲು ಗಂಟೆ, 180 ರೂಪಾಯಿ. ಕಂಪನಿ ಲೇಸಿಗಿಂತ ಇದೇ ಗಟ್ಟಿ. ಅವರಿಗೆ ಐದಕ್ಕೆ ಐದು.

ಪುಟ್ಟ ಆಗಸ್ಟ್ ಕೊನೆಗೆ ಹೋದ. ಗ್ಲೌಸ್ ಇಲ್ಲೇ ಬಿಟ್ಟ. "ಅಲ್ಲಿ ನಂದು ಇದೆಯಲ್ಲ ಅಮ್ಮಮ್ಮ" ಅಂದ. ಆಡುವುದಿಲ್ಲ ಅನ್ನುವ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ.

ಗ್ಲೌಸ್ ಸುಮ್ನೆ ಅಟ್ಟದಲ್ಲಿ ತೂಗಾಡುತ್ತಿತ್ತು. ಮೊನ್ನೆ ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಬಂದಳು. ಪುಟ್ಟ ಆಡುವಾಗ ಬೇಲಿ ಹತ್ತಿರ ನಿಂತು ನೋಡುತ್ತಿದ್ದವಳು. "ಟೀಚರ್, ನಾನೂ ಒಂದ್ಸಲ ಎಸೀಲಾ?" ಬಾಲ್ ಕೊಟ್ಟೆ. ಹಾಸಿಗೆ ಮೇಲಿನ ಸುಣ್ಣದ ಚೌಕಕ್ಕೆ ನೇರ ಬಿತ್ತು. ಇನ್ನೊಂದು, ಮತ್ತೊಂದು. ಆಮೇಲೆ ಗ್ಲೌಸ್ ಹಾಕಲು ಹೋದರೆ ಕೂರುವುದೇ ಇಲ್ಲ. ಹುಡುಗಿ ಎಡಚಿ. ಊಟಕ್ಕೆ ಎಡಗೈ ಹಾಕಿದರೆ ಮನೆಯಲ್ಲಿ ಬೈಯುತ್ತಾರಂತೆ. ರಿಲೀಫ್ ಪಿಚಿಂಗಿನಲ್ಲಿ ಎಡಗೈಗೆ ಇರುವ ಬೆಲೆ ಅವರಿಗೆ ಏನು ಗೊತ್ತು! ಜೆಸ್ಸಿ ಒರೊಸ್ಕೊ ಅನ್ನುವ ಎಡಗೈಯವನು 46 ವರ್ಷದ ತನಕ ಆಡಿ 1,252 ಆಟಗಳಲ್ಲಿ ಎಸೆದ. ಅಷ್ಟು ಆಟ ಆಡಿದ ಪಿಚರ್ ಬೇರೆ ಇಲ್ಲ. 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ತಂಡದವರು ಕರಾರು ಮಾಡಿಕೊಂಡ ನಮ್ಮ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿನವನಲ್ಲ) ಕೂಡ ಎಡಗೈಯವನೇ. ಈಟಿ ಎಸೆಯುತ್ತಿದ್ದ ಹುಡುಗ.

ಮೊದಲು ತಪ್ಪಾಗಿ ಬಂದ ಗ್ಲೌಸನ್ನು ಮಳೆಯಲ್ಲಿ ನೆನೆದುಕೊಂಡು ವಾಪಸ್ ಕಳಿಸಿದ್ದೆನಲ್ಲ, ನಿನ್ನೆ ಮತ್ತೆ ಅದನ್ನೇ ಆರ್ಡರ್ ಮಾಡಿದ್ದೇನೆ. ಈ ಸಲ 'ಎಡ' ಒತ್ತುವಾಗ ನಮ್ಮನೆಯವರು ಪಕ್ಕದಲ್ಲೇ ಕೂತು ಮೂರು ಸಲ ಕೇಳಿದರು, "ಸರಿಯಾಗಿ ನೋಡಿದೆಯಾ?" ಅಂತ.